ಸುಣ್ಣದ ನಡುವೆ ಉಳಿದ ಸುಸ್ವಾಗತ

ಬೆಟಗೇರಿಯ ಪ್ರೆಸ್ಸಿನಲ್ಲಿ ಮಗಳ ಮದುವೆ ಕಾರ್ಡಿಗೆ ಫಾಂಟ್ ಆರಿಸುತ್ತಿದ್ದೆ. "ಇದನ್ನ ನೋಡ್ರಿ, ಕೈಲೆ ಬರದಂಗ ಐತಿ," ಎಂದು ಪ್ರೆಸ್ಸಿನ ಹೆಣ್ಣುಮಗಳು ಪರದೆಯನ್ನು ನನ್ನತ್ತ ತಿರುಗಿಸಿದಳು. ತುಸು ಓರೆಯಾಗಿ, ಸಾಲಿನ ಹಂಗಿಲ್ಲದೆ ತೇಲುವ ಅಕ್ಷರಗಳಲ್ಲಿ 'ಸುಸ್ವಾಗತ'. ಎಲ್ಲಿಂದಲೋ ಹಸಿ ಸುಣ್ಣದ ವಾಸನೆ ಬಂದಂತಾಯಿತು.

ಲಕ್ಷ್ಮೇಶ್ವರದ ನಮ್ಮ ಮನೆಯ ಗೋಡೆಯ ಮೇಲೆ ಅಪ್ಪನ ತಂಗಿ, ನನ್ನ ಅತ್ತೆ, ತನ್ನ ಮದುವೆಗೆ ತಾನೇ ಕೆಮ್ಮಣ್ಣಿನಲ್ಲಿ ಹೀಗೆ ಬರೆದಿದ್ದಳು. ಮೊದಲ 'ಸು' ಗುಂಡಗೆ, ಕೊನೆಯ 'ತ' ಬಾಗಿಲ ಚೌಕಟ್ಟಿಗೆ ಒರಗಿಕೊಂಡು. ಮದುವೆಯ ಮರುದಿನ ಅವಳು ಮುಂಡರಗಿಯ ಸೊಸೆಯಾಗಿ ಹೋದಳು.

ಹಬ್ಬಕ್ಕೆ ಸುಣ್ಣ ಬಳಿಯುವವನು ಬಂದರೆ ಅತ್ತೆಯ ತಾಯಿ, ನನ್ನ ಅಜ್ಜಿ, ಅವನ ಬೆನ್ನ ಹಿಂದೆಯೇ ನಿಲ್ಲುತ್ತಿದ್ದಳು.

"ಅಕ್ಷರದ ಸುತ್ತ ಹಚ್ಚೋ ತಮ್ಮಾ, ಮ್ಯಾಲ ಬ್ಯಾಡ."

"ಗ್ವಾಡಿ ಚಂದ ಕಾಣಂಗಿಲ್ಲ ಬೇ."

"ನನಗ ಕಾಣತೈತಿ, ಸಾಕು."

ಎಷ್ಟು ಜೋಪಾನ ಮಾಡಿದರೂ ಅವನ ಕುಂಚ ಅಂಚಿಗೆ ತಾಗುತ್ತಿತ್ತು. ಹಬ್ಬದಿಂದ ಹಬ್ಬಕ್ಕೆ ಅತ್ತೆಯ ಅಕ್ಷರಗಳು ತೆಳ್ಳಗಾಗುತ್ತ, ನೂಲಿನೆಳೆಯಷ್ಟಾದವು. ಅವುಗಳನ್ನು ತಿದ್ದಲು ಅಜ್ಜಿ ಯಾರನ್ನೂ ಬಿಡಲಿಲ್ಲ.

"ಇದ ಇರಲೇನ್ರಿ?" ಪ್ರೆಸ್ಸಿನ ಹೆಣ್ಣುಮಗಳು ಕೇಳಿದಳು.

"ಇರಲಿ. ಅಕ್ಷರದ ಎಳಿ ಇನ್ನೊಂಚೂರು ಸಣ್ಣ ಆಗತೈತೇನವಾ?"

"ಎಷ್ಟು ಸಣ್ಣ ಮಾಡಲ್ರಿ?"

"ಮಗಳು ಹೋಗಿ ಭಾಳ ಹಬ್ಬ ಆದಷ್ಟು," ಎಂದುಬಿಟ್ಟೆ.