ಮೇಡಂ ಮಡಚಿಟ್ಟ ಹಾಳೆ

ಕಳೆದ ಭಾನುವಾರ ಮಗಳು ಮೊದಲ ಸಲ ತಾನೇ ಚಹಾ ಮಾಡುತ್ತೇನೆಂದು ಅಡುಗೆಮನೆ ಹೊಕ್ಕಳು. ಸಕ್ಕರೆ ಡಬ್ಬಿ ಬಿಟ್ಟು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದಳು. ನಮ್ಮ ಯಜಮಾನರು ಒಂದೇ ಗುಟುಕಿಗೆ ಸಿಂಕಿನ ಹತ್ತಿರ ಓಡಿದರು, ಮಗಳು ಅಳುಮುಖ ಮಾಡಿದಳು. ನಾನು ಮಾತ್ರ ಲೋಟ ಪೂರ್ತಿ ಕುಡಿದೆ. ಅವಳಿಗೆ ಬೇಜಾರಾಗದಿರಲಿ ಅಂತ ಕುಡಿದೆ ಎಂದು ಇಬ್ಬರೂ ತಿಳಿದುಕೊಂಡರು. ಹಾಗೇ ಇರಲಿ ಬಿಡಿ ಅಂತ ನಾನೂ ಸುಮ್ಮನಾದೆ. ನಿಜವೇನೆಂದರೆ ಹಾಲು, ಉಪ್ಪು, ಚಹಾ ಸೇರಿದ ಆ ರುಚಿ ನನಗೆ ಹಳೆಯದು. ಸಂಜಯನಗರದ ಮೊದಲ ಮಹಡಿಯ ಒಂದು ಮನೆಯಲ್ಲಿ ವಾರಕ್ಕೆ ಮೂರು ದಿನ ಅದನ್ನು ಕುಡಿಯುತ್ತಿದ್ದೆ.

ಅದು ನಮ್ಮ ಮೇಡಂ ಮನೆ. ಮೇಡಂ ಮಾನವಶಾಸ್ತ್ರಜ್ಞೆ. ಮಂಗೋಲಿಯಾದ ಹುಲ್ಲುಗಾವಲಿನಲ್ಲಿ ಕುರಿ, ಆಡು, ಕುದುರೆ ಸಾಕಿಕೊಂಡು ಡೇರೆ ಎತ್ತಿ ಡೇರೆ ಹಾಕಿ ಬದುಕುವ ಜನರ ನಡುವೆ ಹೆಂಗಸರ ಬಾಳು ಹೇಗಿದೆ, ಗಂಡಸರ ಕೆಲಸ ಯಾವುದು, ಹೆಂಗಸರ ಕೆಲಸ ಯಾವುದು, ಅದನ್ನು ಯಾರು ಗೊತ್ತುಮಾಡಿದರು ಎಂಬುದನ್ನೇ ಅವರು ಜೀವಮಾನವಿಡೀ ಓದಿದ್ದು. ಬೇಸಿಗೆ ಬಂದರೆ ಹೊರಟುಬಿಡುತ್ತಿದ್ದರಂತೆ, ಉಪ್ಪಿನ ಚಹಾ ಅಲ್ಲಿಂದಲೇ ಅಂಟಿಸಿಕೊಂಡು ಬಂದ ಅಭ್ಯಾಸ. ಮೂಲ ಕೊಡಿಗೇಹಳ್ಳಿಯವರು, ಅದಿನ್ನೂ ಹಳ್ಳಿಯಾಗಿದ್ದಾಗ ಹುಟ್ಟಿದವರು. ಅವರ ತಾಯಿ ಹಸು ಕಟ್ಟಿ ಹಾಲು ಹಾಕುತ್ತಿದ್ದರು. ಮೊದಲ ವರ್ಷ ಅಲ್ಲಿನ ಹೆಂಗಸರು ಇವರ ಪೆನ್ನು, ಪುಸ್ತಕ ಕಂಡು ನಕ್ಕರಂತೆ. ಆಡುಗಳನ್ನು ಎದುರುಬದುರು ನಿಲ್ಲಿಸಿ, ಕತ್ತಿಗೆ ಕತ್ತು ಸೇರಿಸಿ ಒಂದೇ ಹಗ್ಗದಲ್ಲಿ ಸಾಲಾಗಿ ಕಟ್ಟಿ ಅವರು ಹಾಲು ಕರೆಯುತ್ತಾರೆ. ಒಂದು ದಿನ ಮೇಡಂ ಪುಸ್ತಕ ಕೆಳಗಿಟ್ಟು ಆ ಸಾಲಿನಲ್ಲಿ ಕೂತು ಕರೆಯಲು ಶುರುಮಾಡಿದರಂತೆ. ಆಮೇಲೆ ಯಾರೂ ನಗಲಿಲ್ಲ. ಗಂಡಸರು ಸುಳಿಯದ ಆ ಜಾಗದಲ್ಲಿ, ಕೈಗೆ ಕೆಲಸವಿದ್ದಾಗ, ಹೆಂಗಸರು ಎಲ್ಲ ಹೇಳಿಕೊಳ್ಳುತ್ತಿದ್ದರು.

ನಾನು ಗದಗಿನ ಕಡೆಯವಳು. ಹೆಬ್ಬಾಳದ ಪಿ.ಜಿ.ಯೊಂದರಲ್ಲಿ ಇದ್ದುಕೊಂಡು, ಮುಗಿಯದ ಪಿಎಚ್‌.ಡಿ.ಯನ್ನು ಎಳೆದಾಡುತ್ತಿದ್ದೆ. ಮೇಡಂ ನಿವೃತ್ತರಾಗಿದ್ದರು, ಕಣ್ಣು ದಿನೇದಿನೇ ಮಂಜಾಗುತ್ತಿತ್ತು. ಅವರ ನೋಟ್‌ಪುಸ್ತಕಗಳನ್ನು ಟೈಪ್ ಮಾಡಲು ಒಬ್ಬರು ಬೇಕಿತ್ತು. ಅದರಿಂದ ಅವರೊಂದು ಪುಸ್ತಕ ಬರೆಯುವವರಿದ್ದರು, ಬದುಕಿನ ಕೆಲಸವೆಲ್ಲ ಅದರಲ್ಲಿ ಬರಬೇಕಿತ್ತು. ಟಿಪ್ಪಣಿಯೆಲ್ಲ ಕನ್ನಡದಲ್ಲೇ ಇತ್ತು. ಅಲ್ಲಿ ಯಾರ ಕೈಗೆ ಸಿಕ್ಕರೂ ಓದಲಾಗಬಾರದಲ್ಲ, ಅದಕ್ಕೆ.

ಮೊದಲ ದಿನವೇ ಒಂದು ನಿಯಮ ಹೇಳಿದ್ದರು. ಹಾಲು ಕರೆಯುವಾಗ ಕೇಳಿದ ಮಾತನ್ನು ಮಾರನೆಯ ದಿನ ಆ ಹೆಂಗಸಿಗೇ ನೆನಪಿಸಿ, ಬರೆಯಲೇ ಎಂದು ಕೇಳುತ್ತಿದ್ದರು. ಬೇಡ ಎಂದರೆ, ಮರೆಯಬಾರದೆಂದು ತಮಗಾಗಿ ಬರೆದು, ಆ ಹಾಳೆಯನ್ನು ಉದ್ದಕ್ಕೆ ಅರ್ಧ ಮಡಚಿ ಒಳಗೆ ಸೇರಿಸುತ್ತಿದ್ದರು. ಮಡಚಿದ ಹಾಳೆ ಟೈಪ್ ಮಾಡುವಂತಿಲ್ಲ, ಓದುವಂತಿಲ್ಲ.

"ಅದು ನಂದಲ್ಲ ಕಣಮ್ಮ," ಎಂದಿದ್ದರು. "ಅವಳ್ದು. ನನ್ನ ಹತ್ರ ಇಟ್ಟಿದಾಳೆ ಅಷ್ಟೆ."

ನಾನು ತಲೆಯಾಡಿಸಿದೆ. ಎಂಟು ತಿಂಗಳು ಹಾಗೇ ನಡೆದುಕೊಂಡೆ ಕೂಡ.

ಆಮೇಲೆ ಯಲಹಂಕದ ಕಾಲೇಜೊಂದರಲ್ಲಿ ಕೆಲಸ ಖಾಲಿ ಇದೆ ಎಂದು ತಿಳಿಯಿತು. ಪ್ರಕಟವಾದ ಒಂದು ಲೇಖನವಾದರೂ ಇರಬೇಕಿತ್ತು, ನನ್ನ ಹತ್ತಿರ ಒಂದೂ ಇರಲಿಲ್ಲ. ಮೇಡಂ ತಾವಾಗಿಯೇ, ನನ್ನ ಟಿಪ್ಪಣಿ ಇಟ್ಟುಕೊಂಡು ಬರಿ, ಮಡಚಿದ್ದನ್ನು ಬಿಟ್ಟು ಏನು ಬೇಕಾದರೂ ತಗೋ ಅಂದರು. ಅಷ್ಟು ದೊಡ್ಡ ಮನಸ್ಸು. ನಾನು ಕೂತು ಹುಡುಕಿದೆ. ಬಿಚ್ಚಿದ ಹಾಳೆಗಳಲ್ಲಿದ್ದುದೆಲ್ಲ ಚೆನ್ನಾಗಿಯೇ ಇತ್ತು, ಆದರೆ ಓದಿದವರು ಬೆಚ್ಚಿಬೀಳುವಂಥದ್ದು ಇರಲಿಲ್ಲ. ಮೇಡಂ ಒಳಗೆ ಚಹಾ ಕಾಯಿಸುತ್ತಿದ್ದರು. ನಾನು ಒಂದು ಮಡಿಕೆ ಬಿಡಿಸಿದೆ…

ಒಬ್ಬ ಹೆಂಗಸಿನ ಮಾತು ಅದರಲ್ಲಿತ್ತು. ಅವಳ ಗಂಡ ಆ ಸೀಮೆಗೆಲ್ಲ ಹೆಸರಾದವನು, ಪಂದ್ಯದ ಕುದುರೆಗಳನ್ನು ಪಳಗಿಸುವವನು. ಅಲ್ಲಿ ಅದು ಗಂಡಸರದೇ ಕೆಲಸ. ಆದರೆ ಒಮ್ಮೆ ಕುದುರೆಯಿಂದ ಬಿದ್ದ ಮೇಲೆ ಅವನಿಗೆ ಎದೆ ನಡುಕ ಹತ್ತಿತ್ತು. ಅಲ್ಲಿಂದಾಚೆಗೆ ಬೆಳಕು ಹರಿಯುವ ಮುಂಚೆ ಕುದುರೆ ಓಡಿಸಿ, ಅದರ ಮೈಯ ಬೆವರನ್ನು ಪಟ್ಟಿಯಿಂದ ಕೆರೆದು, ಮೇವು ಅಳೆದು ತಯಾರು ಮಾಡುತ್ತಿದ್ದವಳು ಇವಳು. ಪದಕ ಅವನ ಟೋಪಿಯ ಮೇಲೆ. ಅವಳಿಗೆ ಅದರ ಬಗ್ಗೆ ದೂರಿರಲಿಲ್ಲ. ಆ ಬೆಳಗುಗಳು ತನ್ನವು, ಅವನ್ನು ಯಾರೂ ಕಸಿಯದಿದ್ದರೆ ಸಾಕು ಎಂದಿದ್ದಳಂತೆ.

ಇಂಥದ್ದು ಸಿಕ್ಕರೆ ಬಿಡುವುದುಂಟೇ? ಹೆಣ್ಣನ್ನು ಹೊಗಳುವ ಮಾತು ತಾನೇ, ಯಾರಿಗೇನು ಕೇಡು ಎಂದು ನನಗೆ ನಾನೇ ವಕೀಲಿ ಮಾಡಿಕೊಂಡೆ. ಗಂಡನ ಹೆಸರು, ಹೆಂಡತಿಯ ಹೆಸರು, ಊರಿನ ಹೆಸರು, ಎಲ್ಲ ಬದಲಿಸಿದೆ. ಇಂಗ್ಲಿಷಿನಲ್ಲಿ ಬರೆದೆ. ಮುಗಿದ ಮೇಲೆ ಮೇಡಂಗೆ ಗಟ್ಟಿಯಾಗಿ ಓದಿ ಹೇಳಿದೆ, ಆ ಭಾಗವೊಂದನ್ನು ಹಾರಿಸಿ. ಕಣ್ಣು ಕಾಣದವರ ಎದುರು ಹಾಳೆ ಹಾರಿಸುವುದು ಎಷ್ಟು ಸುಲಭ ಎಂದು ಅವತ್ತು ತಿಳಿಯಿತು. ಚೆನ್ನಾಗಿ ಬರೆದಿದೀಯ ಎಂದು ಅವರು ನನ್ನ ತಲೆ ಸವರಿದರು.

ಲೇಖನ ಬಂತು, ಕೆಲಸವೂ ಸಿಕ್ಕಿತು.

ಮುಂದಿನ ಬೇಸಿಗೆಯಲ್ಲಿ ಮೇಡಂ ಮೊಬೈಲಿಗೆ ಆ ಹೆಂಗಸಿನ ಧ್ವನಿ ಸಂದೇಶ ಬಂತು. ನಾನು ಅಲ್ಲೇ ಇದ್ದೆ. ಭಾಷೆ ತಿಳಿಯಲಿಲ್ಲ, ಆದರೆ ಮೇಡಂ ಮುಖ ನೋಡುತ್ತಿದ್ದೆ. ಎರಡು ಸಲ ಕೇಳಿ, ನನಗೆ ಅರ್ಥ ಹೇಳಿದರು. ಅಲ್ಲಿನ ಶಾಲೆಯ ಮೇಷ್ಟರೊಬ್ಬರು ಲೇಖನವನ್ನು ಇಂಟರ್‌ನೆಟ್ಟಿನಲ್ಲಿ ಓದಿ, ತಮ್ಮ ಭಾಷೆಗೆ ಮಾಡಿ ಹಂಚಿದ್ದರು. ನಾನು ಮನುಷ್ಯರ ಹೆಸರೆಲ್ಲ ಬದಲಿಸಿದ್ದೆ, ಕುದುರೆಯನ್ನು ಇದ್ದ ಹಾಗೇ ಬಿಟ್ಟಿದ್ದೆ: ಬೂದು ಮೈ, ಹಣೆಯಲ್ಲಿ ಚುಕ್ಕೆ, ಎಡ ಹಿಂಗಾಲು ಬಿಳಿ. ಅಲ್ಲಿ ಕುದುರೆಗೆ ಹೆಸರಿಡುವುದಿಲ್ಲ, ಬಣ್ಣ ಮತ್ತು ಗುರುತು ಹೇಳಿಯೇ ಕರೆಯುತ್ತಾರೆ. ಬಣ್ಣ ಹೇಳಿದರೆ ಮಗುವೂ ಮಾಲೀಕನ ಡೇರೆ ತೋರಿಸುತ್ತದೆ. ಒಂದು ವರ್ಷ ಅದನ್ನೇ ಟೈಪ್ ಮಾಡಿದವಳು ನಾನು, ನನಗೆ ಹೊಳೆಯಲಿಲ್ಲ. ಪಂದ್ಯದ ಬಯಲಿನಲ್ಲಿ ನಾಲ್ಕು ಜನರ ಮುಂದೆ ಗಂಡನನ್ನು ಗೇಲಿ ಮಾಡಿದ್ದರು. ಅವನು ಮನೆಗೆ ಬಂದು ಬೂದು ಕುದುರೆ ಮಾರಿದ, ಉಳಿದವನ್ನು ಮಂದೆಗೆ ಬಿಟ್ಟ, ಇನ್ನು ಕುದುರೆಯ ಹತ್ತಿರ ಹೋಗಕೂಡದೆಂದು ಅವಳಿಗೆ ಹೇಳಿದ. ಅವಳು ಮೇಡಂನ ಬೈದಿರಲಿಲ್ಲ. ಬೆಳಗ್ಗೆ ಎಚ್ಚರವಾಗುತ್ತೆ, ಎದ್ದು ಎಲ್ಲಿಗೆ ಹೋಗಲಿ ಅಂತಷ್ಟೇ ಕೇಳಿದ್ದಳು.

ಮೇಡಂ ಮೊಬೈಲನ್ನು ಕೆಳಗಿಟ್ಟರು. ಆಮೇಲೆ ನನ್ನ ಕಡೆ ತಿರುಗಿದರು.

"ಆ ಹಾಳೆ ನಾನು ಮಡಿಚಿರ್ಲಿಲ್ವೇನಮ್ಮ?"

ಆ ಪ್ರಶ್ನೆಯಲ್ಲಿ ಅನುಮಾನ ಇರಲಿಲ್ಲ. ಇದ್ದಿದ್ದರೆ ಬಹುಶಃ ಒಪ್ಪಿಕೊಳ್ಳುತ್ತಿದ್ದೆನೇನೋ… ಅದನ್ನೂ ಖಂಡಿತ ಹೇಳಲಾರೆ. ಕೆಲಸ ಕಾಯಂ ಆಗಿರಲಿಲ್ಲ.

"ಇಲ್ರಿ ಮೇಡಂ," ಅಂದೆ. "ಹಂಗ ಇತ್ರಿ. ನಿಮಗ ಓದಿ ಹೇಳಿದ ಮ್ಯಾಲ ಆ ಭಾಗ ಸೇರಿಸಿದ್ನಿರಿ."

ಅವರು ನಂಬಿದರು. ಕಣ್ಣು ಹೋಗುತ್ತಿರುವವರು ತಮ್ಮನ್ನೇ ಮೊದಲು ಅನುಮಾನಿಸುತ್ತಾರೆ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಹೇಳಿದ್ದೆ. ಅವತ್ತೇ ಆ ಹೆಂಗಸಿಗೆ, ತಪ್ಪು ನನ್ನದು, ಮಡಚುವುದು ಮರೆತೆ ಎಂದು ಹೇಳಿ ಕಳಿಸಿದರು. ನನ್ನ ಹೆಸರು ಎತ್ತಲಿಲ್ಲ. ಆ ಕಡೆಯಿಂದ ಉತ್ತರ ಬರಲೇ ಇಲ್ಲ.

ಟೈಪಿಂಗ್ ಅಲ್ಲಿಗೆ ನಿಂತಿತು. ಒಂದು ಮರೆತಿದ್ದರೆ ಇನ್ನೆಷ್ಟು ಮರೆತಿದ್ದೇನೋ ಎಂಬುದೇ ಅವರ ತಲೆ ಕೊರೆಯುವ ಹುಳುವಾಯಿತು. ಬಿಚ್ಚಿದ ಯಾವ ಹಾಳೆಯನ್ನೂ ಅವರು ಆಮೇಲೆ ನಂಬಲಿಲ್ಲ. ನೋಟ್‌ಪುಸ್ತಕಗಳನ್ನೆಲ್ಲ ಟ್ರಂಕಿಗೆ ಹಾಕಿ ಬೀಗ ಜಡಿದರು. ಪುಸ್ತಕ ಬರಲಿಲ್ಲ. ಅಷ್ಟು ಬೇಸಿಗೆಗಳು, ಅಷ್ಟು ಹೆಂಗಸರು, ಬರೆಯಿರಿ ಎಂದು ತಾವಾಗಿಯೇ ಒಪ್ಪಿದವರ ಮಾತು ಕೂಡ ಆ ಟ್ರಂಕಿನೊಳಗೇ ಉಳಿಯಿತು.

ಕೊನೆಯ ಸಲ ನೋಡಿದ್ದು ಕೊಡಿಗೇಹಳ್ಳಿಯಲ್ಲಿ, ಅವರ ತಮ್ಮನ ಮನೆಯಲ್ಲಿ. ಹಸು ಕಟ್ಟುತ್ತಿದ್ದ ಜಾಗದಲ್ಲಿ ಈಗ ಸ್ಕೂಟರ್‌ಗಳು ನಿಂತಿದ್ದವು. ಮೇಡಂಗೆ ಕಣ್ಣು ಪೂರ್ತಿ ಹೋಗಿತ್ತು. ನನ್ನ ಕೈ ಹಿಡಿದುಕೊಂಡು ಕಾಲೇಜು, ಸಂಸಾರ ಎಲ್ಲ ವಿಚಾರಿಸಿದರು. ಆಮೇಲೆ ದನಿ ತಗ್ಗಿಸಿದರು.

"ನಂಬಿ ಹೇಳಿದ್ಲು ಕಣಮ್ಮ. ಒಂದು ಹಾಳೆ ಮಡಿಚೋಕೆ ಆಗ್ಲಿಲ್ವಲ್ಲ ನನಗೆ."

ಆಗಲಾದರೂ ಹೇಳಬಹುದಿತ್ತು. ಕೆಲಸ ಕಾಯಂ ಆಗಿತ್ತು, ಕಳೆದುಕೊಳ್ಳುವುದೇನೂ ಇರಲಿಲ್ಲ. ಅವರ ಕಣ್ಣಿಗೆ ಸಣ್ಣವಳಾಗುತ್ತೇನೆ ಎಂಬುದೊಂದೇ ಭಯ, ಅದೂ ಕಾಣದ ಕಣ್ಣಿಗೆ.

"ಇರ್ಲಿ ಬಿಡ್ರಿ ಮೇಡಂ," ಅಂದೆ. "ವಯಸ್ಸಾದ ಮ್ಯಾಲ ಯಾರಿಗಾದ್ರೂ ಆಗ್ತದ."

ನನ್ನ ತಪ್ಪಿಗೆ ಅವರನ್ನು ನಾನು ಕ್ಷಮಿಸಿಬಿಟ್ಟೆ. ಅವರು ನನ್ನ ಕೈ ಅದುಮಿ, ಒಳ್ಳೆ ಹುಡುಗಿ ಅಂದರು. ಈ ಮಾತು ನೆನಪಾದಾಗಲೆಲ್ಲ, ಬಸ್ಸಿನಲ್ಲಿರಲಿ, ಅಡುಗೆಮನೆಯಲ್ಲಿರಲಿ, ನನ್ನ ಮುಖ ನನಗೇ ಬೇಡವಾಗುತ್ತದೆ.

ಮೂರೇ ತಿಂಗಳಿಗೆ ಹೋಗಿಬಿಟ್ಟರು. ಟ್ರಂಕು ತಮ್ಮನ ಮನೆಯ ಅಟ್ಟದ ಮೇಲಿದೆಯಂತೆ. ಒಯ್ಯುವುದಾದರೆ ಒಯ್ಯಿರಿ ಎಂದು ಎರಡು ಸಲ ಫೋನ್ ಮಾಡಿದ್ದರು, ನಾನು ಹೋಗಿಲ್ಲ. ಆ ಹೆಂಗಸಿನ ನಂಬರು ಹುಡುಕಿಸಿದೆ, ಈಗ ಚಾಲ್ತಿಯಲ್ಲಿಲ್ಲ. ಕಾಲೇಜಿನಲ್ಲಿ ಸಂಶೋಧಕರ ಹೊಣೆಗಾರಿಕೆಯ ಪಾಠ ನನ್ನ ಪಾಲಿಗೇ ಬಂದಿದೆ. ಹೆಸರು ಬದಲಿಸಿದರೆ ಸಾಲದು ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. ಕುದುರೆಯ ಕಥೆಯನ್ನೂ ಹೇಳುತ್ತೇನೆ, ಯಾರೋ ಒಬ್ಬ ಸಂಶೋಧಕಿ ಮಾಡಿದ ತಪ್ಪು ಎಂದು. ಮಕ್ಕಳು ಶ್ರದ್ಧೆಯಿಂದ ಬರೆದುಕೊಳ್ಳುತ್ತಾರೆ.

ಕೇಳಿದವರು ಈಗಿಲ್ಲ. ಆದರೂ ಅವರು ಕೇಳಿದ್ದಕ್ಕೆ ಉತ್ತರ ಇದು: ನೀವು ಮಡಚಿದ್ದಿರಿ ಮೇಡಂ. ಬಿಡಿಸಿದ್ದು ನಾನು.