ಕೆಂಪು ಗಾಡಿಯ ಮೂರು ಅಳತೆಗಳು

ನನಗೆ ಕಾರು ಓಡಿಸಲು ಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಇನ್ನು ಮುಂದೆ ನಾನು ಎಂಜಿನ್ನು, ಗೇರು, ಬ್ಯಾಟರಿ ಎಂದೆಲ್ಲ ಮಾತಾಡುವವನಿದ್ದೇನೆ. ಆಮೇಲೆ ನೀವು ಮೋಸ ಹೋದೆವು ಅನ್ನಬಾರದು. ಸ್ಟೀರಿಂಗನ್ನು ನಾನು ಮುಟ್ಟಿದ್ದೆಲ್ಲ ಟೇಪು ಸುತ್ತುವುದಕ್ಕೆ. ಆದರೂ ಒಂದೇ ಸ್ಪೋರ್ಟ್ಸ್ ಕಾರಿನ ಮೂರು ತಲೆಮಾರುಗಳ ನಡುವೆ ಏನೇನು ವ್ಯತ್ಯಾಸ ಎಂದು ಬಳ್ಳಾರಿಯಲ್ಲಿ ಯಾರನ್ನಾದರೂ ಕೇಳುವುದಾದರೆ ನನ್ನನ್ನೇ ಕೇಳಬೇಕು. ಆ ಮೂರಕ್ಕೂ ಅಳತೆ ಹಿಡಿದವನು ನಾನು.

ಬ್ರೂಸ್‌ಪೇಟೆಯ ಒಂದು ಸಂದಿಯಲ್ಲಿ ನನ್ನ ಅಂಗಡಿ ಇದೆ. ಮೊದಲು ಜೀನ್ಸ್ ಪ್ಯಾಂಟು ಹೊಲಿಯುತ್ತಿದ್ದೆ. ಜನರ ಸೊಂಟಗಳು ಸಾಕಾಗಿ ವಾಹನಗಳ ಹೊದಿಕೆಗೆ ಇಳಿದೆ. ಗಿರಾಕಿಯಾಗಿ ವಾಹನ ಮನುಷ್ಯನಿಗಿಂತ ಎಷ್ಟೋ ಮೇಲು. ಅಳತೆ ಹಿಡಿಯುವಾಗ ಅದು ಹೊಟ್ಟೆ ಒಳಗೆ ಎಳೆದುಕೊಳ್ಳುವುದಿಲ್ಲ, ಹಬ್ಬದ ಹಿಂದಿನ ದಿನ ಬಂದು ಬಾಗಿಲಲ್ಲಿ ಕೂರುವುದಿಲ್ಲ. ಕಸುಬು ಬದಲಾದರೂ ಚಾಳಿ ಬದಲಾಗಲಿಲ್ಲ. ಬಟ್ಟೆ ಅದೇ ಜೀನ್ಸು, ದಾರ ಅದೇ ಹಳದಿ ದಾರ, ಅಳತೆ ಪುಸ್ತಕವೂ ಅದೇ. ಅದರಲ್ಲಿ ಸೊಂಟ, ತೊಡೆ, ಮೊಣಕಾಲು, ಉದ್ದ, ಕಾಲಗಲ ಎಂದು ಮನೆಗಳು ಅಚ್ಚಾಗಿವೆ. ಟ್ರ್ಯಾಕ್ಟರಿಗೂ ತೊಡೆ ಇರುತ್ತದೆ, ಆಟೋಗೂ ಮೊಣಕಾಲಿರುತ್ತದೆ, ಹುಡುಕುವ ಮನಸ್ಸಿರಬೇಕು. ನನ್ನ ಕಟಿಂಗ್ ಮಾಸ್ತರು ಕಾಸಿಂಸಾಬರಿಗೆ ನನಗಿಂತ ಹತ್ತು ವರ್ಷ ಹೆಚ್ಚು ವಯಸ್ಸು, ನೂರು ಪಾಲು ಹೆಚ್ಚು ಅನುಮಾನ. ಅವರ ಪ್ರಕಾರ ಲಾರಿಯೊಂದೇ ಮರ್ಯಾದಸ್ಥ ವಾಹನ, ಏಕೆಂದರೆ ಅದಕ್ಕೆ ಎಲ್ಲ ಕಡೆಯೂ ಮೂಲೆಗಳಿವೆ.

ನಮ್ಮ ಸೀಮೆಯ ಧೂಳಿನಲ್ಲಿ ಕಾರು ಓಡುವುದಕ್ಕಿಂತ ಮುಚ್ಚಿಕೊಂಡು ನಿಲ್ಲುವುದೇ ಹೆಚ್ಚು. ಹೀಗಾಗಿ ಸಿರುಗುಪ್ಪದ ಅಕ್ಕಿ ಗಿರಣಿಯ ಮಾಲೀಕರು ಪಂಪನಗೌಡರು ಒಂದು ಹಳೆಯ ಸ್ಪೋರ್ಟ್ಸ್ ಕಾರು ಕೊಂಡಾಗ, ಅದನ್ನು ಓಡಿಸುವ ರಸ್ತೆ ಹುಡುಕುವುದಕ್ಕೆ ಮುಂಚೆ ನನ್ನನ್ನು ಹುಡುಕಿದರು. ಕಾರಿನ ಹೆಸರು ಪರದೇಶದ್ದು, ನಾಲಿಗೆ ಹೊರಳುವುದಿಲ್ಲ. ಬಣ್ಣ ಕೆಂಪಾಗಿದ್ದರಿಂದ ಸಿರುಗುಪ್ಪದವರು ‘ಕೆಂಪು ಗಾಡಿ’ ಅಂದರು. ಮುಂದೆ ಗೌಡರು ಅದೇ ಕಾರಿನ ಎರಡನೇ ತಲೆಮಾರನ್ನು ಹಳದಿಯಲ್ಲೂ ಮೂರನೆಯದನ್ನು ಬೂದಿ ಬಣ್ಣದಲ್ಲೂ ತಂದರು. ಊರಿನವರು ಅವನ್ನೂ ಕೆಂಪು ಗಾಡಿ ಎಂದೇ ಕರೆದರು.

ಗೌಡರು ತಮ್ಮ ಹೆಸರಿನಲ್ಲೇ ಕಾರು ಕೊಂಡದ್ದಕ್ಕೆ ಒಂದು ಧಾರ್ಮಿಕ ಕಾರಣವಿತ್ತು. ಅವರ ತಾಯಿ ಈರಮ್ಮನವರು ಎಂದೋ ಕುರುಗೋಡಿನ ಬಸವಣ್ಣನಿಗೆ ಹರಕೆ ಹೊತ್ತಿದ್ದರು. ಮಗ ಸ್ವಂತ ಕಾರು ತಗೊಂಡರೆ, ಅವನೇ ಓಡಿಸುವ ಆ ಕಾರಿನಲ್ಲಿ ಕೂತು ಬಂದು ನಿನ್ನ ಪಾದ ಮುಟ್ಟುತ್ತೇನೆ ಎಂದು. ಮನೆಯ ಮುಂದೆ ದೊಡ್ಡ ಜೀಪು ನಿಂತಿರುತ್ತಿತ್ತು. ಅದರಲ್ಲಿ ಹೋಗಬಹುದಲ್ಲ ಎಂದು ನಾನೇ ಕೇಳಿದ್ದೆ.

“ಜೀಪು ಗಿರಣಿ ಹೆಸರಿನ್ಯಾಗ ಐತಿ,” ಅಂದರು ಈರಮ್ಮ. “ಲಾರಿನೂ ಗಿರಣೀವು. ಇವನ ಹೆಸರಿನ್ಯಾಗ ಇರಾದು ಇದೊಂದೇ. ಬಸವಣ್ಣಗ ಸುಳ್ಳು ಹೇಳಾಕ ಆಕೈತೇನಪ?”

ಲೆಕ್ಕಪರಿಶೋಧಕರಿಗೂ ಹೊಳೆಯದ ಈ ಸೂಕ್ಷ್ಮಕ್ಕೆ ನಾನು ತಲೆಬಾಗಿ ಟೇಪು ಬಿಚ್ಚಿದೆ.

ಮೊದಲ ತಲೆಮಾರಿನದು ಉದ್ದ ಮೂಗಿನ ಕಾರು. ಎಂಜಿನ್ನು ಆ ಮೂಗಿನೊಳಗೆ. ಗೇರನ್ನು ಕೈಯಿಂದ ಹಾಕಬೇಕು, ನೆತ್ತಿಯ ತಗಡನ್ನು ಬಿಚ್ಚಿ ಡಿಕ್ಕಿಯಲ್ಲಿ ಇಡಬಹುದು. ವಿಶೇಷವೆಂದರೆ ಅದರ ದೀಪಗಳು. ಬೇಕಾದಾಗ ಕಪ್ಪೆಯ ಕಣ್ಣಿನಂತೆ ಮೇಲೇಳುತ್ತವೆ, ಬೇಡವಾದಾಗ ಮುಳುಗುತ್ತವೆ. ನಾನು ಅಳತೆ ಹಿಡಿದ ದಿನ ಅವು ಎದ್ದಿದ್ದವು. ಹೊದಿಕೆ ಒಯ್ದ ದಿನ ಮುಳುಗಿದ್ದವು. ಎರಡು ಖಾಲಿ ಜೇಬುಗಳು ಕಾರಿನ ಹಣೆಯ ಮೇಲೆ ಜೋತುಬಿದ್ದವು. ಕೆಲಸದ ಸೊಗಸಿಗಾಗಿ ಇಟ್ಟದ್ದು ಎಂದು ನಾನು ಹೇಳಿದೆ, ಗೌಡರು ನಂಬಿದರು. ಕಾಸಿಂಸಾಬರು ಮಾತ್ರ ಒಂದು ವಾರ ನನ್ನ ಮುಖ ನೋಡಲಿಲ್ಲ.

ಆ ಕಾರಿನಲ್ಲಿ ತಾಯಿ ಮಗ ಕುರುಗೋಡಿಗೆ ಹೊರಟರು. ಊರ ಹೊರಗಿನ ರಸ್ತೆಯುಬ್ಬುಗಳಲ್ಲಿ ಮೊದಲ ಹಂಪಿನಲ್ಲೇ ಕಾರಿನ ಹೊಟ್ಟೆ ಕೂತಿತು. ನಾಲ್ಕೂ ಚಕ್ರ ನೆಲಕ್ಕೆ ತಾಗದೆ ಅದು ಮೊಟ್ಟೆಗೆ ಕೂತ ಕೋಳಿಯಂತೆ ಹಂಪಿನ ಮೇಲೆ ನೆಲೆಸಿತು. ಗೌಡರು ಇಳಿದು ಫೋನು ಹಿಡಿದು ಅತ್ತಿತ್ತ ಓಡಾಡಿದರು. ಗಿರಣಿಯ ಹಮಾಲರು ಬಂದು ಎತ್ತಿ ತಿರುಗಿಸಿಟ್ಟರು. ಹರಕೆ ಹಾಗೇ ಉಳಿಯಿತು.

ಎರಡನೇ ತಲೆಮಾರಿನ ಕಾರಿನಲ್ಲಿ ಒಂದು ಗುಂಡಿ ಇದೆ, ಒತ್ತಿದರೆ ಮೂಗು ಮೇಲೇಳುತ್ತದೆ, ಹಂಪು ದಾಟಬಹುದು ಎಂದು ಗೌಡರಿಗೆ ಯಾರೋ ಹೇಳಿದರು. ಭಕ್ತಿಯಿಂದ ಅದನ್ನೂ ತರಿಸಿದರು. ನಾನು ಜೀನ್ಸಿನವನು. ಒಂದು ಕಂಪನಿಯ ಪ್ಯಾಂಟಿಗೆ ಮೂವತ್ನಾಲ್ಕು ಅಂದರೆ ಎಂದಿಗೂ ಮೂವತ್ನಾಲ್ಕೇ ಎಂದು ತಿಳಿದವನು. ಅದೇ ಹೆಸರು, ಅದೇ ಕಾರು, ಅದೇ ಅಳತೆ ಎಂದುಕೊಂಡು, ಸಿರುಗುಪ್ಪಕ್ಕೆ ಹೋಗುವ ತಾಪತ್ರಯವೇಕೆ ಎಂದು ಅಂಗಡಿಯಲ್ಲೇ ಕೂತು ಹೊದಿಕೆ ಹೊಲಿದುಬಿಟ್ಟೆ. ಹಣೆಯ ಜೇಬುಗಳ ಸಮೇತ.

ಒಯ್ದು ನೋಡಿದರೆ ಇದು ಬೇರೆಯೇ ಪ್ರಾಣಿ. ಎಂಜಿನ್ನು ಮೂಗಿನಿಂದ ಎದ್ದು ಬಂದು ಕೂರುವವರ ಬೆನ್ನ ಹಿಂದೆ ಮನೆ ಮಾಡಿತ್ತು. ಮೂಗು ಮೊಟಕಾಗಿ, ಸೊಂಟ ಅಗಲವಾಗಿ, ನೆತ್ತಿ ಎರಡಿಂಚು ಇಳಿದು, ಅದರ ತಗಡು ಬಿಚ್ಚದಂತೆ ಅಂಟಿಹೋಗಿತ್ತು. ಗೇರಿನ ಕೋಲು ಮಾಯವಾಗಿ ಸ್ಟೀರಿಂಗಿನ ಹಿಂದೆ ಗೇರು ಹಾಕುವ ಎರಡು ಕಿವಿ ಮೂಡಿದ್ದವು. ಬಾಲದ ಹತ್ತಿರ ಒಂದು ರೆಕ್ಕೆ; ವೇಗ ಹೆಚ್ಚಿದರೆ ತಾನೇ ಏಳುತ್ತದಂತೆ. ಸಿರುಗುಪ್ಪದಲ್ಲಿ ಅದು ಎದ್ದದ್ದನ್ನು ಕಂಡವರಿಲ್ಲ. ನನ್ನ ಹೊದಿಕೆ ಮುಂದೆ ಸಡಿಲ, ಪಕ್ಕದಲ್ಲಿ ಬಿಗಿ, ಹಿಂದೆ ಗಿಡ್ಡ. ಗೌಡರು ಕಾರಿಗೆ ಒಂದು ಸುತ್ತು ಬಂದರು.

“ಮಾಸ್ತರ, ಅಣ್ಣನ ಪ್ಯಾಂಟು ತಮ್ಮ ಹಾಕ್ಕೆಂಡಂಗ ಕಾಣತೈತಿ,” ಅಂದರು.

ಕಾಸಿಂಸಾಬರು ನನ್ನ ಕಡೆ ನೋಡದೆ, “ಮೈಮ್ಯಾಲೆ ಟೇಪು ಇಡದ ಬಟ್ಟಿ ಬರಾಬರ್ ಕೂಡಂಗಿಲ್ರೀ ಗೌಡ್ರ. ಇದು ಕಾರಿನ ತಪ್ಪಲ್ಲ,” ಅಂದರು. ಅಳತೆ ಹಿಡಿದು, ಬಿಚ್ಚಿ ಹೊಲಿದೆ. ನಾಚಿಕೆಯಿಂದ ಪಕ್ಕೆಗೆ ಎರಡು ಪಟ್ಟು ಹೊಲಿಗೆ ಹಾಕಿದೆ.

ಆ ಕಾರು ಹಂಪುಗಳನ್ನು ಮೂಗೆತ್ತಿ ದಾಟಿತು. ಆದರೆ ಅರ್ಧ ದಾರಿಯಲ್ಲಿ ಈರಮ್ಮನವರು ತಿರುಗಿಸು ಎಂದರಂತೆ. ಬೆನ್ನಿಗೆ ಒಲೆ ಇಟ್ಟ ಹಾಗಿದೆ, ಇಂಥದ್ದರಲ್ಲಿ ಬಂದರೆ ಬಸವಣ್ಣನಿಗೆ ಕಾಯಿಯ ಬದಲು ನನ್ನನ್ನೇ ಸುಟ್ಟು ಕೊಟ್ಟ ಹಾಗಾಗುತ್ತದೆ ಎಂದರಂತೆ. ಗೌಡರು ತಿರುಗಿಸಿದರು. ನಿಜವಾದ ಕಾರಣ ಬೇರೆಯಿತ್ತು, ಅದು ನನಗೆ ತಿಳಿದದ್ದು ಆಮೇಲೆ.

ಇಲ್ಲಿ ಒಂದು ಮಾತು ಹೇಳದಿದ್ದರೆ ನನ್ನ ಕಸುಬಿಗೆ ದ್ರೋಹವಾಗುತ್ತದೆ. ಪ್ಯಾಂಟಿನ ಸೊಂಟ ನನ್ನ ಕಣ್ಣೆದುರೇ ಹೊಕ್ಕಳಿನಿಂದ ಜಾರಿ ಜಾರಿ, ಇನ್ನು ಜಾರಿದರೆ ಪೊಲೀಸರು ಬರುತ್ತಾರೆ ಅನ್ನುವ ಹಂತ ಮುಟ್ಟಿ, ಮತ್ತೆ ಮೇಲೇರಿತು. ಕಾರುಗಳು ಇನ್ನೂ ಇಳಿಯುತ್ತಲೇ ಇವೆ. ತಲೆಮಾರಿಗೆ ಎರಡಿಂಚು. ಅದೇ ಅವಧಿಯಲ್ಲಿ ಈರಮ್ಮನವರ ಮೊಣಕಾಲುಗಳು ಬಗ್ಗುವುದನ್ನು ಕಡಿಮೆ ಮಾಡುತ್ತಾ ಬಂದವು. ಕಾರು ಮಾಡುವವರಿಗೂ ಆ ಮೊಣಕಾಲುಗಳಿಗೂ ಪರಸ್ಪರ ಪರಿಚಯವಿರಲಿಲ್ಲ.

ಮೂರನೆಯದು ಬಂತು. ಇದಕ್ಕೆ ಎಂಜಿನ್ನಿನ ಜೊತೆಗೆ ಬ್ಯಾಟರಿಯೂ ಇದೆ. ಮುಂದಿನ ಚಕ್ರಗಳನ್ನು ಮೋಟಾರು ತಿರುಗಿಸುತ್ತದೆ. ಮೆಲ್ಲಗೆ ಹೋದರೆ ಎಂಜಿನ್ನು ಏಳುವುದೇ ಇಲ್ಲ, ಬೆನ್ನು ತಣ್ಣಗಿರುತ್ತದೆ. ಈ ಸಲ ಟೇಪು ಹಿಡಿದೇ ಅಳೆದೆ, ಕಾಸಿಂಸಾಬರು ಮತ್ತೊಮ್ಮೆ ಅಳೆದರು. ಹೊದಿಕೆ ತೆಗೆಯದೆಯೇ ಚಾರ್ಜಿಗೆ ಹಾಕಬೇಕು ಎಂದು ಗೌಡರು ಕೇಳಿದ್ದರಿಂದ ಚಾರ್ಜಿನ ಬಾಯಿ ಇರುವಲ್ಲಿ ಒಂದು ಜಿಪ್ಪು ಇಟ್ಟೆ. ಜಿಪ್ಪಿನ ಮೇಲೆ ಹಿತ್ತಾಳೆ ಗುಂಡಿ. ಕೈ ತಡೆಯದೆ ಹಿಂಬದಿಗೆ ಒಂದು ಚರ್ಮದ ಚೀಟಿಯನ್ನೂ ಹೊಲಿದೆ. ದೂರದಿಂದ ನೋಡಿದರೆ ಯಾರೋ ಪ್ಯಾಂಟು ಹಾಕಿಕೊಂಡು ಬೋರಲು ಮಲಗಿದಂತೆ ಕಾಣುತ್ತಿತ್ತು.

ಪೂಜೆಯಾದ ಕೂಡಲೇ ಕಾರಿಗೆ ದೃಷ್ಟಿ ತಾಗದ ಹಾಗೆ ದೇವರ ಎದುರೇ ಹೊಸ ಹೊದಿಕೆ ಹೊದಿಸಬೇಕು ಎನ್ನುವುದು ಗೌಡರೇ ಕಟ್ಟಿಕೊಂಡ ಪದ್ಧತಿ. ಹಾಗಾಗಿ ನಾನು ಮತ್ತು ಕಾಸಿಂಸಾಬರು ಹೊದಿಕೆಯನ್ನು ನಮ್ಮ ಟೆಂಪೋದಲ್ಲಿ ಹಾಕಿಕೊಂಡು ಸಿರುಗುಪ್ಪಕ್ಕೆ ಹೋಗಿ, ಅಲ್ಲಿಂದ ಕಾರಿನ ಹಿಂದೆ ಹೊರಟೆವು. ಸ್ವಲ್ಪ ದೂರ ಹೋಗುವುದರೊಳಗೆ ಮುಂದೆ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರೊಂದು ಸಿಕ್ಕಿತು. ಹುಲ್ಲು ರಸ್ತೆಯ ಎರಡೂ ಅಂಚನ್ನು ಸವರುತ್ತಿತ್ತು. ಕಣ್ಣು ಮುಚ್ಚಿ ತೆಗೆಯುವುದರಲ್ಲಿ ನೂರು ದಾಟುವ ಕಾರು ಕುರುಗೋಡಿನ ತನಕ ಆ ಹುಲ್ಲಿನ ಹಿಂದೆ ತೆವಳಿತು. ಹಿಂದೆ ನಾವು. ಎರಡು ಗಂಟೆ ಎಂಜಿನ್ನು ಏಳಲಿಲ್ಲ, ರೆಕ್ಕೆಯೂ ಏಳಲಿಲ್ಲ.

ಕುರುಗೋಡಿನ ಗುಡಿಯ ಮುಂದೆ ಕಾರು ನಿಂತಿತು. ಈರಮ್ಮನವರೂ ಏಳಲಿಲ್ಲ.

ಮೂರನೇ ತಲೆಮಾರಿನಲ್ಲಿ ಆಸನ ನೆಲದಿಂದ ಗೇಣುದ್ದ. ಬಾಗಿಲ ಹೊಸ್ತಿಲು ಅದಕ್ಕಿಂತ ಎತ್ತರ. ಇಳಿಜಾರಿನಂತೆ ಒಳಗೆ ಜಾರುವುದು ಸುಲಭ, ಹೊರಗೆ ಬರುವುದಕ್ಕೆ ಮೊಣಕಾಲು ಬೇಕು. ಗೌಡರು ಕೈ ಹಿಡಿದು ಎಳೆದರು. “ನಾನೇನು ಭತ್ತದ ಚೀಲ ಏನು? ಬಿಡು,” ಎಂದರು ತಾಯಿ. ಬಸ್ಸಿಗೆ ನಿಂತಿದ್ದವರೆಲ್ಲ ಬಂದು ಸುತ್ತುಗಟ್ಟಿದರು. ನೆತ್ತಿ ಬಿಚ್ಚಿ ಮೇಲಿಂದ ಎತ್ತಿ ಎಂದರೊಬ್ಬರು. ಅದು ಮೊದಲ ತಲೆಮಾರಿನಲ್ಲಿ ಮಾತ್ರ ಸಾಧ್ಯ, ಈಗ ನೆತ್ತಿ ಮೈಗೇ ಅಂಟಿದೆ ಎಂದು ನಾನು ವಿವರಿಸಿದೆ. ನನ್ನ ಜೀವನದಲ್ಲಿ ತಾಂತ್ರಿಕ ಜ್ಞಾನ ಪ್ರದರ್ಶಿಸಿದ ಆ ಒಂದೇ ಸಂದರ್ಭದಲ್ಲಿ ಅದರಿಂದ ಯಾರಿಗೂ ಉಪಯೋಗವಾಗಲಿಲ್ಲ.

ಪೂಜಾರಿಯವರು ಹೊರಗೆ ಬಂದು ನೋಡಿದರು. ಮಂಗಳಾರತಿಯನ್ನು ಕಿಟಕಿಗೆ ತಂದು ಹಿಡಿದರು. “ಇಲ್ಲಿಂದನ ಕೈ ಮುಗೀರಿ ಅವ್ವಾ. ಬಸವಣ್ಣಗ ಎಲ್ಲ ತಿಳೀತೈತಿ.”

“ಅವಗ ತಿಳೀತೈತಿ,” ಅಂದರು ಈರಮ್ಮ. “ಪಾದ ಮುಟ್ತೀನಿ ಅಂದಾಕಿ ನಾನು. ನನ್ನ ಕೈಗೆ ತಿಳೀಬೇಕಲ್ಲ.”

ಮೂರು ಕಾರು ತಂದ ಮಗ ಹೊಸ್ತಿಲ ಪಕ್ಕ ಮಂಡಿಯೂರಿ ಕೂತು ನೆಲ ನೋಡತೊಡಗಿದರು. ನನಗೆ ನಗು ಬರುತ್ತಿದ್ದದ್ದು ನಿಂತುಹೋಯಿತು.

ಆಗ ಕಾಸಿಂಸಾಬರು ಟೆಂಪೋದಿಂದ ಹೊದಿಕೆ ಇಳಿಸಿದರು. ಉದ್ದಕ್ಕೆ ನಾಲ್ಕು ಮಡಿಕೆ ಮಾಡಿ, ಚಾಲಕನ ಕಡೆಯಿಂದ ಒಳಗೆ ತೂರಿ, “ಅಮ್ಮಾ, ಜರಾ ಮುಂದಕ್ಕ ಬಾಗ್ರಿ,” ಎನ್ನುತ್ತಾ ಅದನ್ನು ಅವರ ಬೆನ್ನ ಹಿಂದಿನಿಂದ ಕೆಳಗೆ ಇಳಿಸಿದರು. ಒಂದು ತುದಿ ಗೌಡರ ಕೈಗೆ, ಇನ್ನೊಂದು ನನ್ನ ಕೈಗೆ. ನನಗೆ ಈರಮ್ಮನವರ ಚಿಂತೆಗಿಂತ ಪಕ್ಕೆ ಹೊಲಿಗೆಯ ಚಿಂತೆ ಹೆಚ್ಚಾಗಿತ್ತು, ಸುಳ್ಳೇಕೆ ಹೇಳಲಿ. ಹಿಂದಿನಿಂದ ಸಾಬರು ನೂಕಿದರು, ಮುಂದಿನಿಂದ ನಾವು ಎಳೆದೆವು. ಜೀನ್ಸು ಒಂದು ಸಲ ನರಳಿತು, ಹೊಲಿಗೆ ಬಿಡಲಿಲ್ಲ. ಈರಮ್ಮನವರು ಹೊಸ್ತಿಲು ದಾಟಿ, ಸೆರಗು ಸರಿಮಾಡಿಕೊಂಡು, ನೆಲದ ಮೇಲೆ ನಿಂತರು. ನಿಂತ ಮೇಲೆ ಅವರಿಗೆ ಯಾರ ಹಂಗೂ ಬೇಡ. ನೆಟ್ಟಗೆ ಒಳಗೆ ನಡೆದು ಹೋಗಿ ಬಸವಣ್ಣನ ಪಾದದ ಮೇಲೆ ಎರಡೂ ಕೈ ಇಟ್ಟು ಬಹಳ ಹೊತ್ತು ಹಾಗೇ ಇದ್ದರು.

ಹೊರಗೆ ಗೌಡರು ಜೀಪು ತರಲು ಗಿರಣಿಗೆ ಫೋನು ಮಾಡಿದ್ದರು. ಹರಕೆ ತೀರಿತಲ್ಲ, ಇನ್ನು ಯಾರ ಹೆಸರಿನ ವಾಹನವಾದರೇನು. ಆದರೆ ಈರಮ್ಮನವರು ಬಂದವರೇ ಕಾರಿನ ಹತ್ತಿರ ನಿಂತು, “ಮತ್ತ ಇದರಾಗ ಕುಂದರಸ್ರಿ,” ಅಂದರು.

ನಾನು ಅವರ ಕೈ ಹಿಡಿದು, ಮನೆಯಲ್ಲಿ ಮತ್ತೆ ಇದೇ ಪಾಡಾಗುತ್ತದಲ್ಲ ಎಂದೆ.

“ಆಗ್ಲಿ ಬಿಡಪ. ಜೀಪಿನ್ಯಾಗ ಏಳು ಮಂದಿ ಕುಂದರ್ತಾರ. ಡ್ರೈವರ, ಗುಮಾಸ್ತ, ಅವನ ದೋಸ್ತರು. ಇದರಾಗ ಇವನು, ನಾನು, ಇಬ್ಬರೇ. ಮೊದಲನೇದು ಹಂಪಿನ ಮ್ಯಾಲೆ ಕುಂತ್ಕಂತು. ಎರಡನೇದರ ಗದ್ದಲಕ್ಕ ಇವನು ಅಂದಿದ್ದು ಒಂದೂ ಕೇಳಸಲಿಲ್ಲ, ಅದಕ್ಕ ಬೆನ್ನು ಸುಡತೈತಿ ಅಂದೆ. ಇವತ್ತು ಎರಡು ತಾಸು ಮಾತಾಡಿದ್ವಿ. ಆ ಹುಲ್ಲಿನ ಟ್ರ್ಯಾಕ್ಟರಿನವ ತಣ್ಣಗಿರ್ಲಿ.”

ಗೌಡರು ಹೊದಿಕೆಯ ತುದಿ ಹಿಡಿದು ಅಲ್ಲೇ ನಿಂತಿದ್ದರು. ಮನೆಯಲ್ಲಿ ಬೇಕಾಗುತ್ತದೆಂದು ಹೊದಿಕೆಯನ್ನು ತಾಯಿಯ ಕೆಳಗೆ ಹಾಸಿ ಕೂರಿಸಿದರು. ಆಮೇಲೆ ಕಿಸೆಯಿಂದ ಫೋನು ತೆಗೆದು ಕಾಸಿಂಸಾಬರ ಕೈಗೆ ಕೊಟ್ಟು, “ನಿಮ್ಮ ಟೆಂಪೋದಾಗ ಇರಲಿ, ನಾಳಿ ಇಸ್ಕಂತೀನಿ,” ಎಂದು ಹೊರಟರು.

ಬಳ್ಳಾರಿ ಮುಟ್ಟುವ ತನಕ ಆ ಫೋನು ನಮ್ಮ ನಡುವೆ ಬಡಕೊಳ್ಳುತ್ತಲೇ ಇತ್ತು. ಸಾಬರು ಅದರ ಮೇಲೆ ತಮ್ಮ ಟವೆಲು ಮುಚ್ಚಿದರು. ನಾನು ಅಂಗಡಿಗೆ ಬಂದು ಅಳತೆ ಪುಸ್ತಕ ತೆರೆದೆ. ಮೂರು ಪುಟ ತುಂಬ ವ್ಯತ್ಯಾಸಗಳು: ಎಂಜಿನ್ನು ಸರಿದದ್ದು, ನೆತ್ತಿ ಇಳಿದದ್ದು, ಸೊಂಟ ಅಗಲವಾದದ್ದು. ಮೂರರಲ್ಲೂ ಬದಲಾಗದೆ ಉಳಿದದ್ದನ್ನು ನಾನು ಎಲ್ಲೂ ಬರೆದಿರಲಿಲ್ಲ. ಪುಟದ ಕೆಳಗೆ ಬರೆದೆ: ಇಬ್ಬರಿಗೆ ಮಾತ್ರ ಜಾಗ.