ಕಾಂಕಿಂದಿ ಅಜ್ಜಿಯ ಮೂರು ಸಾವಿರ

ಕಾಂಕಿಂದಿ ಅಜ್ಜಿ ಒಲೆಗೆ ಕೆಂಡ ಕೇಳಲು ಬಂದರೂ ಕಂದಾಯ ವಸೂಲಿಗೆ ಬಂದವಳಂತೆ ನಿಲ್ಲುತ್ತಾಳೆ ಎಂದು ಗುಡ್ಡದ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಮೈಮೇಲೆ ಇದ್ದದ್ದು ಒಂದೇ ಬಟ್ಟೆ, ಕತ್ತು ಮಾತ್ರ ಮುಗಿಲಿಗೆ.

ಅವಳ ಹೆಸರು ಕಡುಬಡವರ ಪಟ್ಟಿಯಲ್ಲಿತ್ತು. ಆ ಪಟ್ಟಿಯವರ ಆರೋಗ್ಯ ವಿಮೆಯನ್ನು ರುವಾಂಡಾ ಸರ್ಕಾರವೇ ಕಟ್ಟುತ್ತಿತ್ತು. ಮಿಕ್ಕವರು ತಲೆಗೆ ವರ್ಷಕ್ಕೆ ಮೂರು ಸಾವಿರ ಫ್ರಾಂಕ್ ಕಟ್ಟಬೇಕು. ಎಲ್ಲವೂ ಒಂದೇ ಗಂಟಿಗೆ ಸೇರಿ, ಯಾರು ಹಾಸಿಗೆ ಹಿಡಿದರೋ ಅವರ ಮದ್ದಿಗಾಗುತ್ತಿತ್ತು. ಯಾರು ಬಡವರೆಂದು ಹೇಳುವವರು ಊರವರೇ, ಹುಲ್ಲಿನ ಮೇಲೆ ಕೂತು, ಎಲ್ಲರೆದುರು.

ಒಂದು ವರ್ಷ ಊರ ಮುಖಂಡ ಹಬಿಯಾಂಬೆರೆ ಪಟ್ಟಿ ಓದುತ್ತಿದ್ದಂತೆ ಅಜ್ಜಿ ಎದ್ದು ನಿಂತಳು.

"ನನ್ನೆಸರು ಹೊಡ್ದಾಕಪ್ಪ."

"ಸರ್ಕಾರ ಬಾಯಿಗೆ ಜೇನು ಹಾಕಿದ್ರೆ ಉಗೀತೀಯಲ್ಲಜ್ಜಿ!" ಎಂದಳು ಪಕ್ಕದ ಮನೆಯ ಮುಕಾಮುಸೋನಿ. ಎಲ್ಲರೂ ನಕ್ಕರು.

"ಎಂಟು ವರ್ಷ ನಿಮ್ ದುಡ್ಡಲ್ಲಿ ಕೆಮ್ಮಿದೀನಿ ಕಣೇ. ಈಗ ಕೈ ಚಾಪೆ ನೇಯ್ತದೆ. ಇನ್ಮೇಲೆ ನನ್ ದುಡ್ಡಲ್ಲಿ ಯಾರಾದ್ರೂ ಕೆಮ್ಮಲಿ."

"ಕಟ್ಟೋಕಾಗ್ದಿದ್ರೆ ನಿನ್ ಉಬ್ಬಸದ ಔಷಧಿ ನಿಲ್ತದೆ, ಯೋಚ್ನೆ ಮಾಡು," ಎಂದ ಮುಖಂಡ.

"ನಿಂತ್ರೆ ನನ್ನುಸಿರು ನಿಲ್ತದೆ, ನಿಂದಲ್ಲ. ಎಳಿ ಗೀಟು."

ಎಳೆದ. ಅಂದಿನಿಂದ ಪ್ರತಿ ಮಂಗಳವಾರ ಊರಿನ ಉಳಿತಾಯದ ಗುಂಪಿಗೆ ವಿಮೆಗೆಂದು ಅಜ್ಜಿಯ ನಾಣ್ಯ ಬರತೊಡಗಿತು. ಮೇ ತಿಂಗಳಲ್ಲಿ ಮಳೆ ಹೊಯ್ದು ಜವುಗಿನ ಜೊಂಡೆಲ್ಲ ಮುಳುಗಿತು. ಚಾಪೆ ನೇಯಲು ಎಳೆಯೊಂದೂ ಇಲ್ಲ, ಮೂರು ಸಾವಿರ ತುಂಬಿಲ್ಲ, ವಿಮೆ ಕಟ್ಟುವ ಗಡುವಿಗೆ ಉಳಿದದ್ದು ಒಂದೇ ವಾರ. ಮುಕಾಮುಸೋನಿ ಕಮ್ಮಿ ಬಿದ್ದದ್ದನ್ನು ತಾನು ಕೊಡುತ್ತೇನೆಂದಳು. ಅಜ್ಜಿ ತಾನು ಮಲಗುವ ಚಾಪೆಯನ್ನೇ ಒದರಿ, ಸುತ್ತಿ, ಸಂತೆಗೆ ಹೊತ್ತಳು. ಜೊಂಡು ಬೆಳೆಯುವವರೆಗೂ ಒಣಹುಲ್ಲಿನ ಮೇಲೆ ಮಲಗಿದಳು, ತಲೆದೆಸೆಯಲ್ಲಿ ವಿಮೆಯ ಕಾರ್ಡು.

ಮುಂದಿನ ತಿಂಗಳು ಮುಕಾಮುಸೋನಿಯ ಮಗಳಿಗೆ ಎದೆ ಕಟ್ಟಿತು. ಆಸ್ಪತ್ರೆಯಿಂದ ಮರಳಿದ ಮಗುವಿಗೆ ಅಜ್ಜಿ ಬಾಳೆಹಣ್ಣು ಹಿಡಿದು ಬಂದಳು.

"ಹೆಂಗೆ, ನನ್ ದುಡ್ಡು ನಾಟ್ತಾ?"

"ನಮ್ದೂ ಸೇರಿತ್ತಜ್ಜಿ ಅದರಲ್ಲಿ!"

"ಇರಬೋದು. ವಾಸಿ ಮಾಡಿದ್ದು ನಂದು."

ಆರು ವರ್ಷ ಕಟ್ಟಿದಳು, ಒಂದು ವರ್ಷವೂ ತಪ್ಪಲಿಲ್ಲ. ಏಳನೆಯದನ್ನೂ ಕಟ್ಟಿದ ಮೇಲೆ ಉಸಿರು ಕೈಕೊಟ್ಟಿತು. ಗಾಡಿ ಹತ್ತದ ಗುಡ್ಡವದು. ಊರ ವಾಡಿಕೆಯಂತೆ ನಾಲ್ವರು ಅವಳನ್ನು ಆಸ್ಪತ್ರೆಗೆ ಹೊರಲು ಬಿದಿರಿನ ಡೋಲಿ ತಂದರು. ಕಾರ್ಡನ್ನು ಸೊಂಟಕ್ಕೆ ಸಿಕ್ಕಿಸುವವರೆಗೂ ಅವಳು ಮಲಗಲೊಪ್ಪಲಿಲ್ಲ.

"ಹಕ್ಕಿ ಹೊತ್ತಂಗಾಯ್ತಲ್ಲಜ್ಜಿ," ಎಂದ ಮುಂದೆ ಹೆಗಲು ಕೊಟ್ಟವನು.

"ಮಾತ್ ಕಮ್ಮಿ ಮಾಡಿ ನೆಟ್ಟಗೆ ಹೊರೋ. ಪುಕ್ಸಟ್ಟೆ ಹೋಗ್ತಿಲ್ಲ ನಾನು."

ಡೋಲಿ ಮನೆಯ ತಗ್ಗು ಬಾಗಿಲಲ್ಲಿ ಬಾಗಿತು. ಅಜ್ಜಿ ಕತ್ತೆತ್ತಿಯೇ ಆ ಹೊಸ್ತಿಲನ್ನು ಕೊನೆಯ ಸಲ ದಾಟಿದಳು.